ಸುಣ್ಣದ ತಿಳಿ

ಕುಂಬಳೆಯ ನಮ್ಮ ಶಾಲೆಯ ಲ್ಯಾಬಿನಲ್ಲಿ ನಾನು ಅಟೆಂಡರ್.
ಇಪ್ಪತ್ತೆರಡು ವರ್ಷದಿಂದ
ಬೀಗ ತೆಗೆಯುವವ, ಬ್ಯೂರೆಟ್ ತೊಳೆಯುವವ,
ಆಸಿಡ್ ಚೆಲ್ಲಿದಲ್ಲಿಗೆ ಸೋಡಾಪುಡಿ ಹಿಡಿದು ಓಡುವವ.
ಬೆಳಗ್ಗೆ ಮಲಯಾಳದ ಮಕ್ಕಳು, ಮಧ್ಯಾಹ್ನ ಕನ್ನಡದವರು.
ಪ್ರಯೋಗ ಒಂದೇ, ಒಡೆಯುವ ಗಾಜೂ ಒಂದೇ.

ಈ ವರ್ಷ ಸುಣ್ಣದ ತಿಳಿನೀರಿನ ಬಾಟಲಿ ಕೈಕೊಟ್ಟಿತು.
ಯಾರೋ ಮುಚ್ಚಳ ಸಡಿಲ ಬಿಟ್ಟಿದ್ದರು, ನಾನೇ ಇರಬೇಕು;
ರಜೆಯ ಎರಡು ತಿಂಗಳು ಕೋಣೆಯ ಗಾಳಿ ಕುಡಿದು ಕುಡಿದು
ಮೇಲೆ ಕೆನೆಯಂಥ ಪೊರೆ ಕಟ್ಟಿಕೊಂಡು ಕೂತಿತ್ತು.
ಮಿಸ್ರಿಯಾ ಊದಿದಳು, ಧನ್ಯರಾಜ ಊದಿದ.
ನೀರು ನೀರಾಗಿಯೇ ಇತ್ತು.
"ನಮ್ಮೊಳಗೆ ಆ ಅನಿಲ ಇಲ್ಲವಾ ಟೀಚರ್?"
ಸುಗಂಧಿ ಟೀಚರ್ ನನ್ನ ಕಡೆ ನೋಡಿದರು.

ಸೊಂಟದಿಂದ ವೀಳ್ಯದ ಸಂಚಿ ತೆಗೆದೆ.
ಎರಡು ಚಮಚ ಸುಣ್ಣ, ಒಂದು ಬೀಕರ್ ನೀರು,
ಕಲಕಿ, ಮುಚ್ಚಿ, ಒಂದು ರಾತ್ರಿ ಕಪಾಟಿನಲ್ಲಿ.
"ಇದು ನಮ್ಮ ಉಮ್ಮಾಮನ ನೂರು!" ಅಂದಳು ಮಿಸ್ರಿಯಾ,
ಅವಳ ಮನೆಯಲ್ಲಿ ಸುಣ್ಣಕ್ಕೆ ಹಾಗೇ ಹೆಸರು.
"ನೂರು ಅಂದೆಯಲ್ಲ, ಹಾಗಾದರೆ ಕೇಳು," ಟೀಚರ್ ಸೀಮೆಸುಣ್ಣ ಎತ್ತಿಕೊಂಡರು,
"ನೂರು ಗ್ರಾಂ ಚಿಪ್ಪು ಸುಟ್ಟರೆ
ಐವತ್ತಾರು ಗ್ರಾಂ ಉಳಿಯುತ್ತದೆ."

ಬಾಗಿಲ ಬಳಿ ನಿಂತಿದ್ದ ನಾನು
ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಶಿರಿಯಾ ಹೊಳೆ ಕಡಲಿಗೆ ಬೀಳುವಲ್ಲಿ ಅಮ್ಮನ ಗೂಡು.
ಮರುವಾಯಿ ಚಿಪ್ಪು ಒಂದು ಪದರ, ಗೆರಟೆಯ ಕರಿ ಒಂದು ಪದರ,
ರಾತ್ರಿಯಿಡೀ ತಿದಿ.
ತಿಂದವರು ಯಾರೋ, ಚಿಪ್ಪು ಹೊತ್ತವಳು ಅಕ್ಕು.
ಬೆಳಗಾದರೆ ಚಿಪ್ಪಿನ ಆಕಾರ ಹಾಗೇ, ಭಾರ ಮಾತ್ರ ಇಲ್ಲ.
ನೀರು ಚಿಮುಕಿಸಿದರೆ ಬೆಂಕಿಯಿಲ್ಲದೆ ಕುದಿ, ಬುಸುಗುಟ್ಟಿ ಹಿಟ್ಟು.
ಆ ಕೈಯಲ್ಲಿ ಅರಿಶಿನ ಮುಟ್ಟಿದರೆ ಕೆಂಪು ಹತ್ತುತ್ತಿತ್ತು,
ನಮ್ಮ ಮನೆಯ ಲಿಟ್ಮಸ್ ಅಮ್ಮನ ಅಂಗೈ.
ಚಿಪ್ಪು ತೂಗಿ ಕೊಡುತ್ತಿದ್ದ ದಲಾಲಿ
ಗೂಡಿನಿಂದ ಇಳಿದದ್ದನ್ನೂ ತೂಗುತ್ತಿದ್ದ,
ಪ್ರತಿ ಸಲ ಮುಖ ಕೆಂಪು ಮಾಡಿ:
"ಅರ್ಧ ಎಲ್ಲಿ ಮಾರಿದೆ ಅಕ್ಕೂ?"
ಅಮ್ಮ ಸೆರಗು ಕೊಡವಿ ತೋರಿಸುತ್ತಿದ್ದಳು.
ಕೂಲಿಯಲ್ಲಿ ಮುರಿದುಕೊಂಡು ಕೊಡುತ್ತಿದ್ದ.

ನೂರರಲ್ಲಿ ಐವತ್ತಾರು ಕಳೆದರೆ ನಲವತ್ತನಾಲ್ಕು.
ಮತ್ತೊಮ್ಮೆ ಬೆರಳಲ್ಲಿ ಎಣಿಸಿದೆ.
ನಲವತ್ತನಾಲ್ಕು ಗಾಳಿಯ ಪಾಲು, ಟೀಚರ್ ಬರೆದೇ ಬಿಟ್ಟಿದ್ದಾರೆ,
ಬಾಣದ ಗುರುತು, ಅಧಿಕ ಚಿಹ್ನೆ ಎಲ್ಲ ಹಾಕಿ.
ಅಮ್ಮ ಕದ್ದಿರಲಿಲ್ಲ ಎಂದು ನನಗೆ ಗೊತ್ತಿತ್ತು.
ಸಾಕ್ಷಿ ಇರಲಿಲ್ಲ, ಅಷ್ಟೇ.

ಮರುದಿನ ತಿಳಿ ಸೋಸಿದೆವು. ಕನ್ನಡಿಯಂಥ ನೀರು.
ಜ್ಯೂಸ್ ಅಂಗಡಿಯ ಹೊಸ ಕೊಳವೆ ಕಚ್ಚಿ ಮಿಸ್ರಿಯಾ ಊದಿದಳು.
ಗುಳ್ಳೆ, ಗುಳ್ಳೆ, ಆಮೇಲೆ ಒಂದು ಹೊಗೆಯಂಥ ಎಳೆ,
ನೋಡುತ್ತಿದ್ದಂತೆ ಪ್ರನಾಳದ ತುಂಬ ಹಾಲು.
ತರಗತಿ ಹೋ ಅಂದಿತು.
ಬೆಂಕಿ ಹಾಕಿ ಅಮ್ಮ ಓಡಿಸಿದ್ದನ್ನು
ಈ ಹುಡುಗಿ ಬೆಳಗ್ಗಿನ ಪತ್ತಿರಿ ತಿಂದ ಉಸಿರಿನಿಂದ
ತಿರುಗಿ ತುಂಬುತ್ತಿದ್ದಳು.

ಧನ್ಯರಾಜ ಸುಮ್ಮನಿರುವವನಲ್ಲ.
ತನ್ನ ಕೊಳವೆ ಇಳಿಸಿ ಊದಿದ, ಊದಿದ, ಕಿವಿ ಕೆಂಪಾಗುವವರೆಗೆ.
ಬಿಳುಪು ತೆಳುವಾಗತೊಡಗಿತು.
ಪುಸ್ತಕ ಹೇಳುವಷ್ಟು ತಿಳಿಯಾಗಲಿಲ್ಲ, ಆದರೂ
ಆಚೆ ಬದಿಯ ಕಿಟಕಿ ಮಸುಕು ಮಸುಕಾಗಿ ಕಂಡಿತು.
"ಎಲ್ಲಿಗೆ ಹೋಯ್ತು?"
"ಎಲ್ಲಿಗೂ ಇಲ್ಲ, ನೀರಲ್ಲೇ ಕರಗಿದೆ.
ಹೊಳೆಯಲ್ಲಿಯೂ ಹೀಗೇ ಇರುತ್ತದೆ.
ಮರುವಾಯಿ ಅದನ್ನೇ ಹೆಕ್ಕಿ ಹೆಕ್ಕಿ ಚಿಪ್ಪು ಕಟ್ಟುತ್ತದೆ."
ಗಂಟೆ ಹೊಡೆಯಿತು. ಎಲ್ಲರೂ ಬಸ್ಸಿಗೆ ಓಡಿದರು.

ಪ್ರನಾಳದ ಬಿಳಿ ಕಲೆ ಬರೀ ನೀರಿಗೆ ಹೋಗದು,
ಒಂದು ಹನಿ ಆಸಿಡ್ ಬೇಕು.
ಹನ್ನೊಂದು ತೊಳೆದು ಸ್ಟ್ಯಾಂಡಿಗೆ ಬೋರಲು ಹಾಕಿದೆ.
ಮಿಸ್ರಿಯಾ ಊದಿದ್ದನ್ನು ತೊಳೆಯಲಿಲ್ಲ,
ಬತ್ತಿ ಮುಚ್ಚಿ ಕಿಸೆಗೆ ಹಾಕಿಕೊಂಡೆ.
ಸ್ಟಾಕ್ ರಿಜಿಸ್ಟರ್ ತೆರೆದು ಬರೆದೆ:
ಪ್ರನಾಳ, ಒಂದು. ಒಡೆದಿದೆ.